ಒಟಿಪಿ ಬಂತಾ?

ಕೇಳುಗರಿಗೆ ನಮಸ್ಕಾರ.

ನಮ್ಮ ಚಿಕ್ಕಮ್ಮನಿಗೆ ಈಗ ಎಪ್ಪತ್ತೇಳು. ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಪ್ರತಿ ಜುಲೈನಲ್ಲಿ ಆದಾಯ ತೆರಿಗೆಯ ರಿಟರ್ನ್, ಅಂದರೆ ವರ್ಷದ ಆದಾಯದ ಲೆಕ್ಕ, ಸಲ್ಲಿಸೋ ಹೊತ್ತಿಗೆ ಹಳೇ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟು, "ನೋಡೋ, ಇದರಲ್ಲಿ ಏನೇನು ಬೇಕೋ ತಗೋ" ಅನ್ನುತ್ತಾರೆ. ಪಾಸ್‌ಬುಕ್ಕು, ಎಫ್‌ಡಿ ರಸೀದಿ, ಪ್ಯಾನ್ ಕಾರ್ಡಿನ ಜೆರಾಕ್ಸು, ಕರೆಂಟ್ ಬಿಲ್ಲು. ಒಂದು ವರ್ಷ ಯಾರದೋ ಮದುವೆಯ ಕರೆಯೋಲೆಯೂ ಸಿಕ್ಕಿತ್ತು.

ಆ ಡಬ್ಬಿಯ ಕೆಲಸ ಈಗ ಬಹುಪಾಲು ಮುಗಿದಿದೆ. 2021ರ ನವೆಂಬರಿನಲ್ಲಿ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ ಬಂತು. ಎಲ್ಲರೂ ಅದನ್ನು ಎಐಎಸ್ ಅಂತಾರೆ. ಬ್ಯಾಂಕು ಕೊಟ್ಟ ಬಡ್ಡಿ, ಟಿಡಿಎಸ್ ಅಂತ ಮೊದಲೇ ಮುರಿದ ತೆರಿಗೆ, ಷೇರು ಮಾರಿದ್ದು ಎಲ್ಲ ಅದರಲ್ಲೇ ಇರುತ್ತೆ. ಫಾರ್ಮೂ ಅರ್ಧಕ್ಕರ್ಧ ತುಂಬಿಯೇ ತೆರೆದುಕೊಳ್ಳುತ್ತೆ. ಹಿಂದೆಲ್ಲ ಆನ್‌ಲೈನಿನಲ್ಲಿ ಸಲ್ಲಿಸಿದ ಮೇಲೂ ಒಂದು ಹಾಳೆಗೆ ನೀಲಿ ಇಂಕಿನಲ್ಲಿ ಸಹಿ ಹಾಕಿ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಅಂಚೆ ಕಚೇರಿಯ ಪೋಸ್ಟ್ ಬ್ಯಾಗ್ ನಂಬರ್ ಒಂದಕ್ಕೆ ಕಳಿಸಬೇಕಿತ್ತು. ಕಾಶ್ಮೀರದವರದ್ದೂ ಅಲ್ಲಿಗೇ, ಕನ್ಯಾಕುಮಾರಿಯವರದ್ದೂ ಅಲ್ಲಿಗೇ. ಕೊರಿಯರ್ ಮಾಡಿದರೆ ತಗೊಳ್ಳುತ್ತಿರಲಿಲ್ಲ. 2015ರಿಂದ ಆ ಹಾಳೆಯ ಬದಲು, ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರೋ ಒಟಿಪಿ ಸಾಕಾಯಿತು.

ಹಾಗಾದರೆ ಇನ್ನೂ ಕಷ್ಟ ಎಲ್ಲಿದೆ? ನನ್ನ ಅನುಭವದಲ್ಲಿ ಕೂಡೋದು ಕಳೆಯೋದರಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳೋದಿಲ್ಲ. ಸಿಕ್ಕಿಹಾಕಿಕೊಳ್ಳೋದು ಮಾತಿನಲ್ಲಿ. 2023-24ರಲ್ಲಿ ದುಡಿದದ್ದಕ್ಕೆ ತೆರಿಗೆ ಕಟ್ಟೋ ಚಲನ್ನಿನಲ್ಲಿ 2024-25 ಅಂತ ಆರಿಸಬೇಕಿತ್ತು, ಅದು ಅಸೆಸ್‌ಮೆಂಟ್ ವರ್ಷ, ಅಂದರೆ ಆ ಆದಾಯದ ಲೆಕ್ಕ ನೋಡೋ ಮುಂದಿನ ವರ್ಷ. ನಮ್ಮ ಪಕ್ಕದ ಮನೆಯವರು ದುಡಿದ ವರ್ಷವನ್ನೇ ಆರಿಸಿ ದುಡ್ಡು ಕಟ್ಟಿದರು. ಕಟ್ಟಿದ ಮೇಲೂ ಬಾಕಿ ಅಂತ ನೋಟಿಸು ಬಂತು ಪಾಪ! 2025ರ ಹೊಸ ಆದಾಯ ತೆರಿಗೆ ಕಾಯ್ದೆ ಈ ಜೋಡಿ ವರ್ಷಗಳನ್ನು ತೆಗೆದುಹಾಕಿ 'ತೆರಿಗೆ ವರ್ಷ' ಅನ್ನೋ ಒಂದೇ ಮಾತು ಇಟ್ಟಿದೆ, 2026ರ ಏಪ್ರಿಲ್ 1ರಿಂದ. ಸೆಕ್ಷನ್ನುಗಳು 819ರಿಂದ 536ಕ್ಕೆ ಇಳಿದವು ಅಂತ ದೊಡ್ಡ ಸುದ್ದಿಯಾಯಿತು. ನನಗೆ ಅದಕ್ಕಿಂತ ಈ ಒಂದು ಪದವೇ ದೊಡ್ಡದಾಗಿ ಕಂಡಿತು.

ಇನ್ನೊಂದು ಗೊಂದಲ. "12 ಲಕ್ಷದವರೆಗೆ ತೆರಿಗೆನೇ ಇಲ್ವಲ್ಲ, ರಿಟರ್ನ್ ಯಾಕೆ?" ಅಂತ ಎಷ್ಟೋ ಜನ ಕೇಳುತ್ತಾರೆ. ಹೊಸ ಪದ್ಧತಿಯಲ್ಲಿ 2025-26ರ ಆದಾಯಕ್ಕೆ ವಿನಾಯಿತಿಯ ಮಿತಿ 4 ಲಕ್ಷ. ಅದರ ಮೇಲೆ 12 ಲಕ್ಷದವರೆಗೆ ಬರುವ ತೆರಿಗೆಯನ್ನು ರಿಯಾಯಿತಿ ಕೊಟ್ಟು ಸೊನ್ನೆ ಮಾಡುತ್ತಾರೆ. ಅದಕ್ಕೇ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಹಾಕಲೇಬೇಕು. ಸೊನ್ನೆ ಅಂತ ಹೇಳೋದಕ್ಕೆ ಒಂದು ಫಾರ್ಮು! ಸಂಬಳ, ಪಿಂಚಣಿ, ಬಡ್ಡಿ ಬಿಟ್ಟರೆ ಬೇರೇನೂ ಇಲ್ಲದವರಿಗೆ, ಇಲಾಖೆಯೇ ಲೆಕ್ಕ ಕಳಿಸಿ "ಸರಿನಾ?" ಅಂತ ಕೇಳಿದರೆ ಸಾಕಲ್ಲವೇ? ಅಂಕಿಯೆಲ್ಲ ಅವರ ಹತ್ತಿರವೇ ಇದೆ.

ಇಂಥದೊಂದು ದಾರಿ ಆಗಲೇ ಇದೆ. 75 ದಾಟಿದವರಿಗೆ ಪಿಂಚಣಿ, ಬಡ್ಡಿ ಎರಡೂ ಒಂದೇ ಬ್ಯಾಂಕಿನಲ್ಲಿದ್ದರೆ, ಬ್ಯಾಂಕಿಗೊಂದು ಘೋಷಣೆ ಬರೆದುಕೊಟ್ಟರಾಯಿತು. ಬ್ಯಾಂಕೇ ತೆರಿಗೆ ಮುರಿದುಕೊಳ್ಳುತ್ತೆ, ರಿಟರ್ನ್ ಬೇಡ. ಚಿಕ್ಕಮ್ಮನಿಗೆ ಇದನ್ನು ಆಸೆಯಿಂದ ಹೇಳಿದೆ. ಅವರ ಪಿಂಚಣಿ ಒಂದು ಕಡೆ, ಎಫ್‌ಡಿ ಇನ್ನೊಂದು ಕಡೆ. "ಅಲ್ಲಿ ಕಾಲು ಪರ್ಸೆಂಟ್ ಜಾಸ್ತಿ ಕೊಡ್ತಾರೆ ಕಣೋ" ಅಂದರು. ಕಾಲು ಪರ್ಸೆಂಟಿಗೆ ಕಾಯ್ದೆ ಸೋತಿತು.

ಈ ಸಲ ಅವರ ರಿಟರ್ನಿಗೆ ನನಗೆ ಹಿಡಿದದ್ದು ಹತ್ತು ನಿಮಿಷ. ಬಡ್ಡಿಯನ್ನು ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿದೆ, ರೀಫಂಡಿಗೆ ಖಾತೆ ಸರಿಯಿದೆಯೇ ಅಂತ ನೋಡಿದೆ, ಸಲ್ಲಿಸಿದೆ. ಸಲ್ಲಿಸಿ ಸುಮ್ಮನಾದರೆ ಆಗೋದಿಲ್ಲ, 30 ದಿನದೊಳಗೆ ಅದನ್ನು ದೃಢೀಕರಿಸಬೇಕು. ಬಹಳ ಜನ ಮರೆಯೋದು ಇದನ್ನೇ. ಆದರೆ ಚಿಕ್ಕಮ್ಮನ ಆಧಾರಿಗೆ ಜೋಡಿಸಿರೋದು ಬೆಂಗಳೂರಿನಲ್ಲಿರೋ ಮಗನ ನಂಬರು. ಅವನು ಮೀಟಿಂಗಿನಲ್ಲಿ. ಮೊದಲನೇ ಒಟಿಪಿಯ ಅವಧಿ ಮುಗಿಯಿತು, ಎರಡನೆಯದೂ ಮುಗಿಯಿತು. "ಒಟಿಪಿ ಬಂತಾ?" ಅಂತ ಅಡುಗೆಮನೆಯಿಂದ ಕೇಳುತ್ತಲೇ ಚಿಕ್ಕಮ್ಮ ಎರಡು ಲೋಟ ಮಜ್ಜಿಗೆ ಕೊಟ್ಟರು. ಮೂರನೇ ಸಲಕ್ಕೆ ಮಗ ಆಚೆ ಬಂದು ಆರು ಅಂಕಿ ಓದಿದ, ಕೆಲಸ ಆಯಿತು.

ಚಿಕ್ಕಮ್ಮ ಡಬ್ಬಿಯ ಮುಚ್ಚಳ ಹಾಕುವಾಗ ಹೊಸ ಕರೆಂಟ್ ಬಿಲ್ಲನ್ನೂ ಒಳಗೆ ಸೇರಿಸಿದರು. ಬೇಡ ಅನ್ನೋಕೆ ನಾನು ಹೋಗಲಿಲ್ಲ.

ನಮಸ್ಕಾರ.