ಗೆರೆ ನೋಡಬೇಡಿ, ಅಕ್ಷರ ನೋಡಿ

ವಿಜಯಪುರ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳೇ, ಸ್ವಲ್ಪ ರೇಡಿಯೊ ಹತ್ತಿರ ಬನ್ನಿ. ಅಪ್ಪ ಅವ್ವಂದಿರೂ ಪಕ್ಕದಲ್ಲೇ ಇದ್ದರೆ ಕೂತು ಕೇಳಿ.

ಇವತ್ತು ಒಂದೇ ವಿಷಯ. ಭಾಗಲಬ್ಧ ಬೀಜೋಕ್ತಿಯನ್ನು ಗುರುತಿಸುವುದು ಹೇಗೆ? ಹೆಸರು ಉದ್ದ, ಕೆಲಸ ಸಣ್ಣದು. ಮಕ್ಕಳನ್ನು ಕೇಳಿದರೆ, ಮೇಲೆ ಅಂಶ, ಕೆಳಗೆ ಛೇದ, ನಡುವೆ ಗೆರೆ ಇದ್ದರೆ ಆಯ್ತು ಅನ್ನುತ್ತಾರೆ. ಗೆರೆ ಎಣಿಸಿ ಉತ್ತರ ಬರೆದ ಪೇಪರುಗಳನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಗೆರೆ ನೋಡಬೇಡಿ, ಅಕ್ಷರ ನೋಡಿ. ಗೊತ್ತಿಲ್ಲದ ಸಂಖ್ಯೆಯ ಬದಲು ಬರೆಯುವ ಅಕ್ಷರ ಇದೆಯಲ್ಲ, ಎಕ್ಸ್, ಅದಕ್ಕೆ ಏನು ಮಾಡಿದ್ದಾರೆ? ಕೂಡಿದ್ದು, ಕಳೆದದ್ದು, ಗುಣಿಸಿದ್ದು, ಭಾಗಿಸಿದ್ದು, ಇಷ್ಟೇ ಇದ್ದರೆ ಅದು ಭಾಗಲಬ್ಧ ಬೀಜೋಕ್ತಿ.

ತಿಕೋಟಾ ಕಡೆಯ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ಮನೆಯಲ್ಲಿ ದ್ರಾಕ್ಷಿ ತೋಟ. ತಂದೆ ಒಣದ್ರಾಕ್ಷಿ ಮಾಡಿ, ಅಕ್ಕಪಕ್ಕದ ರೈತರ ಜೊತೆ ಒಂದೇ ಗಾಡಿಯಲ್ಲಿ ತಾಸಗಾಂವ್ ಪೇಟೆಗೆ ಕಳಿಸುತ್ತಿದ್ದರು. ಗಾಡಿ ಬಾಡಿಗೆ 6000 ರೂಪಾಯಿ. ಹಮಾಲಿ ಒಬ್ಬೊಬ್ಬ ರೈತರಿಗೆ 300. ಎಷ್ಟು ಮಂದಿ ರೈತರು ಸೇರುತ್ತಾರೆ ಅನ್ನುವುದು ಮಾತ್ರ ಗಾಡಿ ಬಂದು ನಿಲ್ಲುವವರೆಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ಮಂದಿ ಆದರೆ ತಲೆಗೆ 1800, ಐದು ಮಂದಿ ಆದರೆ 1500, ಆರು ಆದರೆ 1300. ಹಿಂದಿನ ರಾತ್ರಿ ತಂದೆ ಮಗಳು ಕೂತು ಇದನ್ನೆಲ್ಲ ಬರೆದಿಡುತ್ತಿದ್ದರಂತೆ.

ಒಂದು ದಿನ ನಾನು ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ. 300 ಪ್ಲಸ್, ಎಕ್ಸ್‌ನಿಂದ ಭಾಗಿಸಿದ 6000. ಇದು ಭಾಗಲಬ್ಧ ಬೀಜೋಕ್ತಿ ಹೌದೋ ಅಲ್ಲವೋ? ಅರ್ಧ ತರಗತಿ ಅಲ್ಲ ಅಂದಿತು. 300 ಗೆರೆಯ ಹೊರಗೆ ನಿಂತಿದೆಯಲ್ಲ, ಅದಕ್ಕೆ! ಈ ಹುಡುಗಿ ಎದ್ದು ನಿಂತಳು. "ಹೌದ್ರಿ ಸರ. ಎಕ್ಸ್ ಅಂದ್ರ ಮಂದಿ. ಮಂದೀಗೆ ಬಾಡಿಗಿ ಭಾಗ ಮಾಡೇವಿ, ಹಮಾಲಿ ಕೂಡ್ಸೇವಿ. ಮತ್ತೇನೂ ಮಾಡಿಲ್ರಿ." "ಭೇಷ್, ತಂಗಿ" ಅಂದೆ. ಮತ್ತೇನೂ ಮಾಡಿಲ್ಲ! ಪುಸ್ತಕದಲ್ಲಿ, ಅಂಶವೂ ಛೇದವೂ ಬಹುಪದೋಕ್ತಿ, ಅಂದರೆ ಸಂಖ್ಯೆ ಮತ್ತು ಎಕ್ಸ್‌ಗಳನ್ನು ಬರೀ ಕೂಡಿ, ಕಳೆದು, ಗುಣಿಸಿ ಮಾಡಿದ್ದು, ಆಗಿರಬೇಕು ಅಂತ ಇರುತ್ತದೆ. ಬೇಕಾದರೆ ಇಲ್ಲೂ ಒಂದೇ ಛೇದಕ್ಕೆ ತಂದು ನೋಡಿ. ಮೇಲೆ 300 ಎಕ್ಸ್ ಪ್ಲಸ್ 6000, ಕೆಳಗೆ ಎಕ್ಸ್. ಪುಸ್ತಕ ಹೇಳುವುದೂ ಹುಡುಗಿ ಹೇಳಿದ್ದೂ ಒಂದೇ ಅಲ್ವಾ?

ಗಾಡಿಯ ಮಾತಿನಲ್ಲೇ ಸಮಯ ಓಡಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಎಕ್ಸ್‌ನ ವರ್ಗಮೂಲ ಮೇಲೆ, 3 ಕೆಳಗೆ. ಗೆರೆ ಇದೆ, ಆದರೂ ಅಲ್ಲ. ಅಕ್ಷರದ ವರ್ಗಮೂಲ ತೆಗೆದಿದ್ದಾರೆ. 2ರ ವರ್ಗಮೂಲ ಮೇಲೆ, ಎಕ್ಸ್ ಪ್ಲಸ್ 1 ಕೆಳಗೆ. ಇದು ಹೌದು! ಮೂಲ ಸಂಖ್ಯೆಗೆ ತಗುಲಿದೆ, ಅಕ್ಷರಕ್ಕಲ್ಲ. ಮೂಲ ಚಿಹ್ನೆ ಕಂಡ ಕೂಡಲೇ ಸುಮ್ನೆ ತಪ್ಪು ಅಂತ ಹಾಕಬೇಡಿ, ಅಕ್ಷರ ನೋಡಿ. ಎಕ್ಸ್ ವರ್ಗ ಪ್ಲಸ್ 5ರಲ್ಲಿ ಗೆರೆಯೇ ಇಲ್ಲ, ಆದರೂ ಹೌದು. ಛೇದ 1 ಅಂದುಕೊಳ್ಳಿ. 2ರ ಘಾತ ಎಕ್ಸ್? ಅಲ್ಲ, ಅಕ್ಷರ ಘಾತದ ಜಾಗಕ್ಕೆ ಹತ್ತಿ ಕೂತಿದೆ.

ಒಂದೇ ಎಚ್ಚರಿಕೆ. ಛೇದ ಸೊನ್ನೆ ಆಗಬಾರದು. ಗಾಡಿಗೆ ಯಾರೂ ಬರಲಿಲ್ಲ ಅಂದರೆ 6000 ಯಾರಿಗೆ ಹಂಚುತ್ತೀರಿ? ಈ ಪ್ರಶ್ನೆ ದೊಡ್ಡವರನ್ನೂ ಕಾಡಿದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯರು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದರು. 12ನೇ ಶತಮಾನದ ಭಾಸ್ಕರಾಚಾರ್ಯರು ಹಾಗೆ ಭಾಗಿಸಿ ಬಂದದ್ದನ್ನು ಖಹರ ಅಂತ ಕರೆದು ಅನಂತ ಅಂದರು. ಇಂದಿನ ಗಣಿತದಲ್ಲಿ ಸೊನ್ನೆಯಿಂದ ಭಾಗಿಸುವ ಹಾಗೇ ಇಲ್ಲ. ಅದಕ್ಕೇ ಗಾಡಿಯ ಲೆಕ್ಕ ಬರೆದಾಗ ಪಕ್ಕದಲ್ಲಿ ಎಕ್ಸ್ ಸೊನ್ನೆ ಅಲ್ಲ ಅಂತ ಬರೆಯಿರಿ. ಛೇದದಲ್ಲಿ ಎಕ್ಸ್ ಮೈನಸ್ 3 ಇದ್ದರೆ, ಎಕ್ಸ್ 3 ಅಲ್ಲ ಅಂತ ಬರೆಯಿರಿ. ನಮಸ್ಕಾರ.