ಕೊಳಚೆ ಕೆಸರಿನ ಜೀವಿಗಳೂ ಪ್ಲಾಸ್ಟಿಕ್ಕಿನ ನ್ಯಾನೊ ಕಣಗಳೂ

ಕೇಳುಗರೆ, ನಮಸ್ಕಾರ.

ಬಳ್ಳಾರಿಯ ಜೀನ್ಸ್ ಈಗ ಬರೀ ಹತ್ತಿಯದಲ್ಲ. ಮೈಗೆ ತಕ್ಕಂತೆ ಹಿಗ್ಗುವ ಪ್ಯಾಂಟಿನಲ್ಲಿ ಪಾಲಿಯೆಸ್ಟರ್, ಎಲಾಸ್ಟೇನ್ ಎಳೆಗಳೂ ಇರುತ್ತವೆ. ವಾಷಿಂಗ್ ಡ್ರಮ್ಮಿನಲ್ಲಿ ಪ್ಯೂಮಿಸ್ ಕಲ್ಲಿನ ಜತೆ ತಿರುಗಿದಾಗ ಎಳೆ ಉದುರಿ ನೀರು ಸೇರುತ್ತದೆ. ಬಿಸಿಲು, ಪಂಪಿನ ತಿಕ್ಕಾಟ ಅದನ್ನು ಇನ್ನೂ ಚೂರು ಮಾಡುತ್ತವೆ. 1 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ, ಚಿಕ್ಕದಾದರೆ ಅದು ನ್ಯಾನೊಪ್ಲಾಸ್ಟಿಕ್.

ಶುದ್ಧೀಕರಣ ಘಟಕದಲ್ಲಿ ನೀರು ತಿಳಿಯಾಗುತ್ತದೆ, ಪ್ಲಾಸ್ಟಿಕ್ ಮಾತ್ರ ಮಾಯವಾಗುವುದಿಲ್ಲ. ಅದರ ಹೆಚ್ಚಿನ ಪಾಲು ಕೆಸರಿಗೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಆ ಕೆಸರನ್ನು ಡೈಜೆಸ್ಟರ್ ಎಂಬ ಗಾಳಿಯಾಡದ ಮುಚ್ಚಿದ ತೊಟ್ಟಿಯಲ್ಲಿ ಸುಮಾರು 35 ಡಿಗ್ರಿ ಶಾಖದಲ್ಲಿ 15ರಿಂದ 30 ದಿನ ಕೊಳೆಸುತ್ತಾರೆ. ನಮ್ಮ ಗೋಬರ್ ಗ್ಯಾಸ್ ಗುಂಡಿಯ ಕೆಲಸವೇ ಅದು. ಒಂದು ಗುಂಪಿನ ಜೀವಿಗಳು ಕೆಸರನ್ನು ಕರಗಿಸಿ ಆಮ್ಲ ಮಾಡುತ್ತವೆ. ಕೊನೆಯ ಗುಂಪು, ಮೀಥೇನ್ ಜೀವಿಗಳು, ಆ ಆಮ್ಲವನ್ನು ತಿಂದು ಗ್ಯಾಸ್ ಮಾಡುತ್ತವೆ.

ನ್ಯಾನೊ ಕಣಗಳ ಪೆಟ್ಟು ಬೀಳುವುದು ಹೆಚ್ಚಾಗಿ ಈ ಕೊನೆಯ ಗುಂಪಿಗೆ. ಅವು ಬೆಳೆಯುವುದೇ ನಿಧಾನ. ಕೆಲವು ಜಾತಿ ಇಮ್ಮಡಿಯಾಗಲು ದಿನಗಳೇ ಬೇಕು. ನ್ಯಾನೊ ಕಣ ಜೀವಕೋಶದ ಪೊರೆಗೆ ಅಂಟಿದಾಗ ಒಳಗೆ ಹಾನಿಕರ ಆಮ್ಲಜನಕ ರೂಪಗಳು ಹುಟ್ಟಿ ಪೊರೆ ಸೋರತೊಡಗುತ್ತದೆ. ಧನ ವಿದ್ಯುದಂಶದ ಕಣ ಇನ್ನೂ ಬಿಗಿಯಾಗಿ ಅಂಟುತ್ತದೆ, ಏಕೆಂದರೆ ಜೀವಕೋಶದ ಮೇಲ್ಮೈ ಋಣ ವಿದ್ಯುದಂಶದ್ದು. ಪ್ಲಾಸ್ಟಿಕ್ಕಿಗೆ ಬೆರೆಸಿದ ರಾಸಾಯನಿಕಗಳು ಸೋರುವುದು ಇನ್ನೊಂದು ಕಾಟ.

ಆದರೂ ಒಂದು ಎಚ್ಚರ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ನಯವಾದ, ದುಂಡನೆಯ, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಕಣಗಳನ್ನು, ಅದೂ ಸಾಕಷ್ಟು ದೊಡ್ಡ ಪ್ರಮಾಣದಲ್ಲಿ ಹಾಕಿ ನೋಡುತ್ತಾರೆ. ನಿಜವಾದ ಕೊಳಚೆಯಲ್ಲಿ ಉಪ್ಪು, ಸಾವಯವ ವಸ್ತು ಕಣಗಳಿಗೆ ಮೆತ್ತಿಕೊಂಡು ಅವು ಗುಂಪುಗೂಡುತ್ತವೆ, ವಿಷ ತಗ್ಗಬಹುದು. ಹಾಗಾಗಿ ಗ್ಯಾಸ್ ಕಡಿಮೆಯಾದ ಕೂಡಲೇ ಪ್ಲಾಸ್ಟಿಕ್ಕನ್ನೇ ದೂರಬಾರದು. ಮೊದಲು ಬ್ಲೀಚ್ ನೀರು ಒಳಗೆ ಬಂತೇ, ಶಾಖ ಇಳಿಯಿತೇ, ಒಮ್ಮೆಲೇ ಹೆಚ್ಚು ಕೆಸರು ಹಾಕಿದರೇ ಎಂದು ನೋಡಬೇಕು. ಬ್ಲೀಚ್ ಈ ಜೀವಿಗಳನ್ನು ನೇರವಾಗಿ ಕೊಲ್ಲುತ್ತದೆ.

ಘಟಕ ನಡೆಸುವವರು ನಂಬಬೇಕಾದ ಲೆಕ್ಕ ಡೈಜೆಸ್ಟರ್‌ನಲ್ಲಿರುವ ಆಮ್ಲಕ್ಕೂ ಕ್ಷಾರತೆಗೂ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿಗೂ, ಇರುವ ಅನುಪಾತ. 0.3ರ ಒಳಗಿದ್ದರೆ ನಿಶ್ಚಿಂತೆ. 0.4 ದಾಟಿದರೆ ಪಿಎಚ್ ಬೀಳುವವರೆಗೆ ಕಾಯಬೇಡಿ. ಅದು ತಡವಾಗಿ ಬರುವ ಸುದ್ದಿ. ಕೆಸರು ಹಾಕುವುದನ್ನು ಅರ್ಧಕ್ಕಿಳಿಸಿ, ಬೇಕಾದರೆ ನಿಲ್ಲಿಸಿ. ಸೋಡಿಯಂ ಬೈಕಾರ್ಬೊನೇಟನ್ನು ನೀರಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಕೊಡಿ. ಸುಣ್ಣ ಸುರಿದರೆ ಪಿಎಚ್ ಥಟ್ಟನೆ ಏರುತ್ತದೆ, ತಳದಲ್ಲಿ ಗಟ್ಟಿ ಪದರವೂ ಕಟ್ಟುತ್ತದೆ. ಅನುಪಾತ ಮತ್ತೆ 0.3ಕ್ಕೆ ಇಳಿದ ಮೇಲೆಯೇ ಹಂತಹಂತವಾಗಿ ಕೆಸರು ಹೆಚ್ಚಿಸಿ.

ಕೆಸರಿಗೆ ಸೇರಿದ ನ್ಯಾನೊ ಕಣವನ್ನು ಸೋಸಿ ತೆಗೆಯುವ ಸುಲಭ ದಾರಿಯಿಲ್ಲ. ಒಣಗಿಸಿದರೂ ಕಾಂಪೋಸ್ಟ್ ಮಾಡಿದರೂ ಅದು ಉಳಿದು, ಗೊಬ್ಬರದ ಜತೆ ಹೊಲ ಸೇರುತ್ತದೆ. ಎಳೆ ದೊಡ್ಡದಿರುವಾಗಲೇ ಹಿಡಿಯಬೇಕು. ವಾಷಿಂಗ್ ಘಟಕದ ಹೊರ ಕಾಲುವೆಗೆ ಮೊದಲು 1 ಮಿಲಿಮೀಟರ್ ಜಾಲರಿ, ಅದರ ಹಿಂದೆ 100 ಮೈಕ್ರಾನ್ ಜಾಲರಿ ಹಾಕಿ. ಜಾಲರಿ ಕಟ್ಟಿಕೊಂಡರೆ ನೀರು ಉಕ್ಕಿ ಪಕ್ಕದಿಂದ ಹರಿಯುತ್ತದೆ, ಆದ್ದರಿಂದ ಪ್ರತಿ ಪಾಳಿಗೊಮ್ಮೆ ಚೊಕ್ಕ ಮಾಡಿ. ಜಾಲರಿಗೆ ಅಂಟಿದ ನಾರನ್ನು ಪೈಪಿನ ನೀರಿನಿಂದ ಮತ್ತೆ ಚರಂಡಿಗೇ ತೊಳೆಯಬೇಡಿ. ಕೆರೆದು ತೆಗೆದು, ಒಣಗಿಸಿ, ಚೀಲ ಕಟ್ಟಿ ಒಣಕಸಕ್ಕೆ ಕೊಡಿ.