ಅನುಮತಿಯ ನಂತರದ ಕಾವಲು

ಕೇಳುಗರಿಗೆ ನಮಸ್ಕಾರ.

ಹೊಸ ಔಷಧವೊಂದು ಅಂಗಡಿಗೆ ಬರುವ ಮುನ್ನ ಅದನ್ನು ಸಾಮಾನ್ಯವಾಗಿ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಜನರಲ್ಲಿ ಪರೀಕ್ಷಿಸಿರುತ್ತಾರೆ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವಂಥ ದುಷ್ಪರಿಣಾಮ ಒಂದು ಸಲವಾದರೂ ಕಣ್ಣಿಗೆ ಬೀಳಬೇಕಾದರೆ ಸುಮಾರು 30,000 ಜನ ಅದನ್ನು ಸೇವಿಸಿರಬೇಕು. ಗರ್ಭಿಣಿಯರು, ತೀರ ವಯಸ್ಸಾದವರು, ಸಕ್ಕರೆ ಕಾಯಿಲೆಯ ಜೊತೆಗೆ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಎಲ್ಲವೂ ಇರುವವರು ಈ ಪರೀಕ್ಷೆಗಳಲ್ಲಿ ಬಹಳ ಕಡಿಮೆ. ಮಂಡ್ಯದ ಜಿಲ್ಲಾ ಆಸ್ಪತ್ರೆಯ ಮುಂದೆ ಚೀಟಿ ಹಿಡಿದು ನಿಲ್ಲುವವರಲ್ಲಿ ಇಂಥವರೇ ಎಷ್ಟೋ ಮಂದಿ.

ಈ ಕೊರತೆ ಮೊದಲಿನಿಂದಲೂ ಇದ್ದದ್ದೇ, ಅನುಮತಿ ಬೇಗ ಸಿಗತೊಡಗಿದ ಮೇಲೆ ಅದು ಹಿಗ್ಗಿದೆ. ಅಮೆರಿಕದಲ್ಲಿ 1992ರಲ್ಲಿ ತ್ವರಿತ ಅನುಮತಿಯ ದಾರಿ ತೆರೆಯಿತು, ಅಂದರೆ ಆರಂಭದ ಸುಳಿವುಗಳ ಮೇಲೆ ಒಪ್ಪಿಗೆ ಕೊಟ್ಟು, ಪ್ರಯೋಜನವನ್ನು ಆಮೇಲಿನ ಅಧ್ಯಯನದಿಂದ ದೃಢಪಡಿಸಿಕೊಳ್ಳುವುದು. ನಮ್ಮ ದೇಶದಲ್ಲಿ 2024ರ ಆಗಸ್ಟ್‌ನಲ್ಲಿ ಬಂದ ಆದೇಶದಂತೆ, ಅಮೆರಿಕ, ಬ್ರಿಟನ್, ಜಪಾನ್ ಮೊದಲಾದ ಕಡೆ ಒಪ್ಪಿಗೆ ಪಡೆದ, ಅಪರೂಪದ ಕಾಯಿಲೆಗಳ ಔಷಧಗಳೂ ಸೇರಿದಂತೆ ಕೆಲವು ಬಗೆಯವುಗಳಿಗೆ ಇಲ್ಲಿನ ಪರೀಕ್ಷೆಯಿಂದ ವಿನಾಯಿತಿ ಸಿಗಬಹುದು. ಬೇರೆ ಮದ್ದೇ ಇಲ್ಲದ ರೋಗಿಗೆ ಕಾಯಲು ವೇಳೆಯಿಲ್ಲವಾದ್ದರಿಂದ ಈ ಅವಸರವನ್ನು ನಾನು ತಪ್ಪೆನ್ನಲಾರೆ.

ಔಷಧ ನಿರೋಧಕ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್‌ಗೆ ಅಮೆರಿಕ 2012ರ ಡಿಸೆಂಬರ್‌ನಲ್ಲಿ ತ್ವರಿತ ಅನುಮತಿ ನೀಡಿದಾಗ, ಅದರ ಪರೀಕ್ಷೆಯಲ್ಲಿ ಔಷಧ ಪಡೆದವರ ಪೈಕಿ 10 ಮಂದಿ, ಪಡೆಯದವರ ಪೈಕಿ 2 ಮಂದಿ ಸತ್ತಿದ್ದ ಸಂಗತಿ ಎಲ್ಲರನ್ನೂ ಕಾಡಿತ್ತು. ಭಾರತ ಅದನ್ನು 2016ರಲ್ಲಿ ಮೊದಲಿಗೆ ಆರೇ ಕೇಂದ್ರಗಳಲ್ಲಿ, ಇಸಿಜಿ ತೆಗೆದು ಹೃದಯದ ಬಡಿತ ಗಮನಿಸುತ್ತ ಕೊಟ್ಟಿತು. ಅನುಭವ ಕೂಡಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮುಖ್ಯ ಔಷಧಗಳ ಸಾಲಿಗೆ ಸೇರಿಸಿತು. ಇದಕ್ಕೆ ವಿರುದ್ಧವಾಗಿ, ಅವಧಿಗೆ ಮುನ್ನ ಹೆರಿಗೆಯಾಗುವುದನ್ನು ತಡೆಯಲೆಂದು 2011ರಲ್ಲಿ ತ್ವರಿತ ಅನುಮತಿ ಪಡೆದ ಮಕೇನಾ ಚುಚ್ಚುಮದ್ದಿನಿಂದ ಪ್ರಯೋಜನ ಕಾಣುತ್ತಿಲ್ಲವೆಂದು 2019ರಲ್ಲಿ ತಿಳಿದರೂ ಅನುಮತಿ ರದ್ದಾದದ್ದು 2023ರಲ್ಲಿ. ಅಷ್ಟೂ ವರ್ಷ ಅದನ್ನು ಬಸುರಿಯರಿಗೆ ಕೊಡಲಾಗುತ್ತಿತ್ತು. ದೃಢಪಡಿಸುವ ಅಧ್ಯಯನಕ್ಕೆ ಗಡುವು ಹಾಕಿ, ಅದು ಮೀರಿದೊಡನೆ ಅನುಮತಿ ಹಿಂತೆಗೆಯುವ ಗಟ್ಟಿತನ ಇಲ್ಲದಿದ್ದರೆ ತ್ವರಿತ ಅನುಮತಿ ಕೊಡಲೇಬಾರದು.

ಔಷಧಗಳ ದುಷ್ಪರಿಣಾಮದ ವರದಿಗಳನ್ನು ಕಲೆಹಾಕಲು ನಮ್ಮಲ್ಲಿ 2010ರಲ್ಲಿ ಆರಂಭವಾದ ಔಷಧ ಜಾಗರೂಕತಾ ಕಾರ್ಯಕ್ರಮವನ್ನು ಈಗ, ಔಷಧಗಳ ಗುಣಮಟ್ಟದ ಮಾನದಂಡ ನಿಗದಿಮಾಡುವ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುತ್ತಿದೆ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಂಥ ಕಡೆ ಕ್ಲಿನಿಕಲ್ ಫಾರ್ಮಸಿಯವರು ವಾರ್ಡುಗಳಲ್ಲಿ ತಿರುಗಿ ದುಷ್ಪರಿಣಾಮಗಳನ್ನು ದಾಖಲಿಸುತ್ತಾರೆ. ಮುಟ್ಟಿನ ಹೊಟ್ಟೆನೋವಿಗೆ ನುಂಗುವ ಮೆಫೆನಾಮಿಕ್ ಆಮ್ಲದಿಂದ ತೀವ್ರವಾದ ಅಲರ್ಜಿ ಆಗಬಹುದೆಂಬ 2023ರ ಎಚ್ಚರಿಕೆ ಇಂಥ ವರದಿಗಳಿಂದಲೇ ಬಂದದ್ದು. ಆದರೆ ಮಳವಳ್ಳಿಯ ಕ್ಲಿನಿಕ್ಕಿನಲ್ಲಿ ಮೈಮೇಲೆ ಗಂಧೆ ಎದ್ದವರ ವಿಷಯವನ್ನು ಬರೆದಿಡುವವರು ಯಾರು?

ಮೆಡಿಕಲ್ ಸ್ಟೋರಿನಲ್ಲಿ ನಾಲ್ಕು ಮಾತ್ರೆ ಕೇಳಿದರೆ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ಸಂಖ್ಯೆ ಇರುವ ತುಂಡು ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಆಮೇಲೆ ತೊಂದರೆಯಾದರೆ ಯಾವ ಕಂಪನಿಯ ಯಾವ ಬ್ಯಾಚು ಎಂದು ಹೇಳಲು ಆಧಾರವೇ ಇರುವುದಿಲ್ಲ. ದಯವಿಟ್ಟು ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ಸಂಖ್ಯೆ ಇದೆಯೇ ನೋಡಿ. ದುಷ್ಪರಿಣಾಮ ತಿಳಿಸುವ ನಮೂನೆ ಕನ್ನಡದಲ್ಲೂ ಇದೆ, ರೋಗಿಯೇ ತುಂಬಬಹುದು. ಔಷಧದಿಂದಲೇ ಆಯಿತೆಂದು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ಸಹಾಯವಾಣಿಯ ಸಂಖ್ಯೆ 1800-180-3024.